ಕಾಲಿಗೆ ನೀರು

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸುವಾಗ ಸಿದ್ದರಾಮೇಶ ಎಡಗಾಲನ್ನು ನೆಲಕ್ಕಿಟ್ಟು, ಬಲಗಾಲನ್ನು ಮೆಟ್ಟಿಲ ಮೇಲೆಯೇ ಬಿಟ್ಟು, ಎದುರಿನ ಗೋಡೆಯ ಸಿಮೆಂಟಿನ ಜಾಹೀರಾತನ್ನು ಓದುವವನಂತೆ ನಿಂತುಕೊಂಡ. ಅದರಲ್ಲಿ ಓದುವಂಥದ್ದೇನೂ ಇರಲಿಲ್ಲ. ಬಲಗಾಲು ಇಳಿಸಲು ಧೈರ್ಯ ಬರಲಿ ಎಂದು ಕಾಯುತ್ತಿದ್ದ, ಅಷ್ಟೆ. "ದಿಗಂಡಿ ಸಾರ್, ದಿಗಂಡಿ" ಎಂದು ಕಂಡಕ್ಟರ್ ಬೆನ್ನ ಹಿಂದೆ ತೆಲುಗಿನಲ್ಲಿ ಇಳಿಯಲು ಕೂಗಿದ. ಹೆಗಲಿಗೊಂದು ಚೀಲ ಬಿದ್ದ ತಕ್ಷಣ ಮಂದಿಯನ್ನೆಲ್ಲ ಕುರಿಗಳ ಹಾಗೆ ಇಳಿಸುವ ಅಧಿಕಾರ ಬಂದುಬಿಟ್ಟಿದೆ ಈ ಪುಣ್ಯಾತ್ಮನಿಗೆ. ಹಲ್ಲು ಕಚ್ಚಿ ಇಳಿದ. ಹಿಮ್ಮಡಿಯ ಹಿಂಭಾಗದಿಂದ ಉರಿ ಎದ್ದು ಮೀನಖಂಡದವರೆಗೆ ಏರಿತು. ಮುಂದೆ ಹೆಂಡತಿ ಮಂಜುಳ ಹಣ್ಣಿನ ಬುಟ್ಟಿ ಹಿಡಿದು, ಮಗಳು ಗಂಗೋತ್ರಿ ನೀರಿನ ಬಾಟಲಿ ಹಿಡಿದು ಮಡಕಶಿರದ ಬಸ್ಸು ಹುಡುಕುತ್ತಿದ್ದರು. ಮಗಳು ಒಮ್ಮೆ ಹಿಂತಿರುಗಿ ನೋಡಿದಳು, ಅವನ ಮುಖವನ್ನಲ್ಲ, ಕಾಲನ್ನು. ಫಿಜಿಯೋಥೆರಪಿ ಓದಿ ಅನಂತಪುರದಲ್ಲಿ ಕೆಲಸ ಮಾಡುವವಳ ಕಣ್ಣು. ಅವನು ತಕ್ಷಣ ನೆಟ್ಟಗೆ ನಡೆಯತೊಡಗಿದ.

"ನೋಯಾಕ ಹತ್ತೈತೇನಪ್ಪ?" ಎಂದಳು.

"ಏನೂ ಇಲ್ಲ, ನಡಿ" ಎಂದ.

ಏನೂ ಇಲ್ಲ ಎನ್ನುವುದನ್ನು ಹೈಸ್ಕೂಲು ಮೇಷ್ಟ್ರಾದ ಅವನು ಈ ವರ್ಷ ಶಾಲೆ ಶುರುವಾದಾಗಿನಿಂದ ಹೇಳುತ್ತ ಬಂದಿದ್ದ. ಹಿಮ್ಮಡಿಯ ಹಿಂದೆ, ಬೂಟಿನ ಅಂಚು ಕೂರುವಲ್ಲಿ, ಸಣ್ಣ ಗಂಟೊಂದು ಎದ್ದಿತ್ತು. ಮುಟ್ಟಿದರೆ ಬೆಚ್ಚಗೆ, ಒತ್ತಿದರೆ ಮೆತ್ತಗೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ದೇವರು ಕಾಣಿಸುತ್ತಿದ್ದ. ಬಳ್ಳಾರಿಯ ಎಲುಬಿನ ಡಾಕ್ಟರು, ಅವನ ಶಿಷ್ಯನಾಗಬಹುದಾದಷ್ಟು ಚಿಕ್ಕವನು, ಗಂಟನ್ನು ಎರಡೂ ಪಕ್ಕದಿಂದ ಹಿಸುಕಿ, ಇವನು "ಹಾ" ಎಂದದ್ದಕ್ಕೆ ಖುಷಿಯಾದವನಂತೆ ತಲೆಯಾಡಿಸಿ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಪಾದವನ್ನು ತಿರುಗಿಸಿ ತೋರಿಸಿದ್ದ. "ಇಲ್ಲಿ ನೋಡ್ರಿ ಸಾರ್, ಮೀನಖಂಡದ ದಪ್ಪ ನರ ಬಂದು ಹಿಮ್ಮಡಿ ಎಲುಬಿಗೆ ಕೂಡ್ತೈತಲ್ಲ, ಅದರ ನಡುವ ಒಂದು ಸಣ್ಣ ನೀರಿನ ಚೀಲ ಇರ್ತೈತಿ. ಬರ್ಸಾ ಅಂತೀವಿ. ಎಲುಬಿಗೂ ನರಕ್ಕೂ ತಿಕ್ಕಾಟ ಆಗಬಾರದಂತ ಇಟ್ಟಿರೋ ದಿಂಬು. ನಿಮ್ಮ ಬೂಟಿನ ಹಿಂಬದಿ ಕಲ್ಲಿನಂಗ ಐತಿ. ದಿನಾ ತಿಕ್ಕಿ ತಿಕ್ಕಿ ದಿಂಬು ಬಾತೈತಿ." ಇಂಜೆಕ್ಷನ್ ಕೊಟ್ಟುಬಿಡಿ ಎಂದು ಸಿದ್ದರಾಮೇಶ ಕೇಳಿದ. "ಅಲ್ಲಿ ಬ್ಯಾಡ್ರಿ. ನರ ಸಡಿಲಾಗಿ ಹರಿದ್ರೂ ಹರೀತೈತಿ. ಬೂಟು ಬಿಡ್ರಿ. ಹಿಂದ ಪಟ್ಟಿ ಇಲ್ಲದ ಚಪ್ಪಲಿ ಹಾಕ್ಕೋರಿ, ಐಸ್ ಇಡ್ರಿ, ಆರು ವಾರ ಬಿಟ್ಟು ಬರ್ರಿ." ಚಪ್ಪಲಿ ಹಾಕಿಕೋ ಎಂದು ಹೇಳುವುದಕ್ಕೆ ಇವನ ಅಪ್ಪ ಇವನನ್ನು ಅಷ್ಟೊಂದು ಓದಿಸಬೇಕಾಗಿತ್ತೇ? ಹೊರಗೆ ಬಂದಾಗ ಸಿದ್ದರಾಮೇಶನಿಗೆ ಕಾಯಿಲೆಯ ಮೇಲೆಯೇ ಅಸಹ್ಯವಾಗಿತ್ತು. ಸಕ್ಕರೆ, ಬಿಪಿ, ಎದೆನೋವು, ಏನೇ ಬಂದಿದ್ದರೂ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳಬಹುದಾಗಿತ್ತು. ಹಿಮ್ಮಡಿಯ ನೀರಿನ ಚೀಲವಂತೆ. ಥೂ.

ಮಗಳು ಮಾತ್ರ ಅದನ್ನು ದೊಡ್ಡ ಕಾಯಿಲೆಯೆಂಬಂತೆ ತಲೆಗೆ ಹಚ್ಚಿಕೊಂಡಳು. ರಜೆಗೆ ಬಂದಾಗ ಮೆತ್ತನೆಯ ಬಟ್ಟೆಯ ಅಟ್ಟೆ ಕತ್ತರಿಸಿ ಹಿಮ್ಮಡಿ ಸ್ವಲ್ಪ ಮೇಲೇಳುವಂತೆ ಬೂಟಿನೊಳಗೆ ಕೂರಿಸಿದಳು. ಐಸಿನ ತುಂಡನ್ನು ಟವೆಲಿನಲ್ಲಿ ಸುತ್ತಿ, ಅವನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಾತಾಡುತ್ತ ಕೂತಳು. ಕಾಲು ಮಂಜಿನಲ್ಲಿ ಮರಗಟ್ಟುತ್ತಿದ್ದಾಗ ಅವನಿಗೆ ಸುಖವಾಗಿತ್ತು, ಹೇಳಲಿಲ್ಲ. ಹೊರಡುವ ಮುಂಚೆ ಹಿಂಬದಿ ತೆರೆದ ಒಂದು ಜೊತೆ ಚಪ್ಪಲಿ ತಂದು ಬಾಗಿಲಲ್ಲಿ ಇಟ್ಟುಹೋದಳು. ಅವನು ಅದನ್ನು ಪೆಟ್ಟಿಗೆಸಮೇತ ಅಟ್ಟಕ್ಕೆ ಎಸೆದ. ಆಮೇಲೆ ದಿನಾ ಸಂಜೆ ಅವಳ ಫೋನು. ಐಸ್ ಇಟ್ಟಿಯೇನಪ್ಪ? ಇಟ್ಟೀನಿ. ಚಪ್ಪಲಿ ಹಾಕ್ಕೊಂಡು ಹೋಗಿದ್ದಿಯೇನು? ಹೋಗಿದ್ದೆ. ಇಪ್ಪತ್ತು ವರ್ಷ ಬೂಟು ಹಾಕಿ ಪಾಠ ಮಾಡಿದವನು ಒಂದು ದಿನ ಪಟಪಟ ಸದ್ದು ಮಾಡುತ್ತ ಕ್ಲಾಸಿಗೆ ಹೋದರೆ? ಆ ಸದ್ದು ಅವನಿಗೆ ಗೊತ್ತು. ಅವನು ಓದುತ್ತಿದ್ದಾಗ ಅಪ್ಪ ಕುರಿ ಅಟ್ಟಿಕೊಂಡು ಹೋಗುವಾಗ ಹೈಸ್ಕೂಲಿನ ಗೇಟಿನ ಹತ್ತಿರ ನಿಂತು "ಲೇ ಸಿದ್ದಾ" ಎಂದು ಕರೆಯುತ್ತಿದ್ದ. ಕಾಲಲ್ಲಿ ಟೈರಿನ ಚಪ್ಪಲಿ, ಹಿಮ್ಮಡಿ ಬಿರುಕುಬಿಟ್ಟು ಬೇಸಿಗೆಯ ಕೆರೆಯಂತೆ, ಅದರಲ್ಲಿ ಹಿಕ್ಕೆಯ ಕಪ್ಪು. ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಬುತ್ತಿ ಇಸಿದುಕೊಂಡು ಅಪ್ಪನ ಮುಖ ನೋಡದೆ ಓಡಿಬಂದಿದ್ದಾನೆ, ಎಷ್ಟೋ ಸಲ. ಮಡಕಶಿರದ ಬಸ್ಸು ಹತ್ತಿ ಕೂತ ಮೇಲೆ ಪಕ್ಕದವನು ಚಪ್ಪಲಿ ಕಳಚಿ ಸೀಟಿನ ಮೇಲೆ ಕಾಲು ಮಡಚಿ ಕೂತ. ಸಿದ್ದರಾಮೇಶ ಕಿಟಕಿಯ ಕಡೆ ತಿರುಗಿಕೊಂಡ.

ಈಗ ಹೋಗುತ್ತಿರುವುದೂ ಅಂಥದ್ದೇ ಮನೆಗೆ. ಮಡಕಶಿರದ ಹತ್ತಿರದ ಗುಡಿಬಂಡೆಯ ಆಚೆ ಒಂದು ಹಳ್ಳಿ. ಕುರಿ, ಒಂದು ಬೋರ್‌ವೆಲ್, ಅಡಕೆ ಹಾಕಬೇಕೆಂದು ಹೋಗಿ ಹಿಪ್ಪುನೇರಳೆ ಹಾಕಿರುವ ತೋಟ. ಆ ಮನೆಯ ಮಗ ಚಂದ್ರಮೋಹನ್ ಗಂಗೋತ್ರಿಯ ಆಸ್ಪತ್ರೆಯಲ್ಲೇ ಲ್ಯಾಬ್ ಟೆಕ್ನಿಷಿಯನ್. ಅವರಿಬ್ಬರೂ ಮದುವೆಗೆ ಒಪ್ಪಿಕೊಂಡಾಗಿತ್ತು, ಅಪ್ಪ ಹೂಂ ಎಂದರೆ ಸಾಕು ಎಂದು ಮಗಳು ಕಾಯುತ್ತಿದ್ದಳು. ಹುಡುಗ ಒಮ್ಮೆ ರಾಯದುರ್ಗದ ಇವರ ಮನೆಗೆ ಬಂದಿದ್ದ. ಚಹಾದ ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗ ಅಂಗಿಯ ತೋಳು ಹಿಂದೆ ಸರಿದು ಮಣಿಕಟ್ಟಿನ ಮೇಲೆ ಹಳೆಯ ಬರೆ ಕಾಣಿಸಿತು. "ಏನದು?" ಎಂದು ಸಿದ್ದರಾಮೇಶ ಗೊತ್ತಿದ್ದೂ ಕೇಳಿದ. "ಸಣ್ಣೋನಿದ್ದಾಗ ಕಾಮಾಲೆ ಆಗಿತ್ತಂತೆ ಸಾರ್. ಅಜ್ಜಿ ಹಾಕಿದ್ದು" ಎಂದು ಹುಡುಗ ತೋಳು ಎಳೆದುಕೊಂಡ. ಅಲ್ಲಿಗೆ ಸಿದ್ದರಾಮೇಶನ ಪಾಲಿಗೆ ಮಾತು ಮುಗಿದಿತ್ತು. ಮೈ ಸುಡುವ ಜನ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ತಾನು ಪ್ರತಿ ವರ್ಷ ಯಾವುದರ ವಿರುದ್ಧ ಭಾಷಣ ಮಾಡುತ್ತಾನೋ ಅದನ್ನೇ ಮಾಡುವ ಮನೆಗೆ ಮಗಳನ್ನು ಕೊಡುವುದೇ? ಒಂದು ಸಲ ಬರೆ ಹಾಕಿಸಿದ ಹುಡುಗಿಯ ತಾಯಿಯನ್ನು ಶಾಲೆಗೆ ಕರೆಸಿ, ಮಕ್ಕಳೆಲ್ಲರ ಮುಂದೆ, "ನೀನು ತಾಯಿಯೇನಮ್ಮ, ಕಟುಕಳೋ?" ಎಂದು ಕೇಳಿದ್ದ. ಆ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವತ್ತು ಎಂಥ ನ್ಯಾಯವಂತನಾಗಿ ಕಂಡಿದ್ದ ತನಗೆ ತಾನು. "ಬರೆ ಹಾಕೋ ಮನಿಗೆ ನಾ ಹೆಣ್ಣು ಕೊಡಂಗಿಲ್ಲ" ಎಂದು ಮಗಳಿಗೆ ಹೇಳಿಬಿಟ್ಟ. ಅವಳು ಅಳಲಿಲ್ಲ. "ಒಮ್ಮೆ ಬಂದು ನೋಡಪ್ಪ. ನೋಡಿ ಬ್ಯಾಡ ಅನ್ನು" ಎಂದಳು. ನೋಡಿ ಬೇಡ ಎನ್ನುವುದಕ್ಕೇ ಹೊರಟಿದ್ದ. ವಾಪಸ್ ಬಸ್ಸಿನಲ್ಲಿ ಹೇಳಬೇಕಾದ ಮಾತನ್ನೂ ಜೋಡಿಸಿಟ್ಟುಕೊಂಡಿದ್ದ.

ಆದರೆ ಬೂಟಿನೊಳಗೆ, ಕಾಲುಚೀಲದೊಳಗೆ, ಗಂಟಿನ ಮೇಲೆ, ಮೂರು ಬರೆ ಇದ್ದವು. ಹಸಿ ಬರೆ.

ಡಿ. ಹಿರೇಹಾಳ್ ಕಡೆ ಕುರಿದೊಡ್ಡಿಯಲ್ಲಿ ಲಕ್ಷ್ಮಣಪ್ಪ ಎನ್ನುವ ಮುದುಕ. ಕುಂಟುವ ಕುರಿಗೆ ಹಾಕುತ್ತಾನೆ, ಕುಂಟುವ ಮನುಷ್ಯರಿಗೂ ಹಾಕುತ್ತಾನೆ, ಕಬ್ಬಿಣ ಒಂದೇ. ಅವನ ಹತ್ತಿರ ಹೋಗುವ ಮುಂಚಿನ ವಾರ ಸಿದ್ದರಾಮೇಶ ಬೋರ್ಡಿನ ಮುಂದೆ ನಿಲ್ಲಲಾಗದೆ ಸ್ಟೂಲಿನ ಮೇಲೆ ಕೂತು ಪಾಠ ಮಾಡಿದ್ದ. ಹಿಂದಿನ ಬೆಂಚಿನಲ್ಲಿ ಯಾರೋ ಕುಂಟುವುದನ್ನು ಅಣಕಿಸಿ ನಗಿಸಿದ್ದು ಕಿಟಕಿಯ ಗಾಜಿನಲ್ಲಿ ಕಂಡಿತ್ತು. ಆರು ವಾರ ಚಪ್ಪಲಿ ಹಾಕಿದರೆ ಊರೆಲ್ಲ ನೋಡುತ್ತದೆ. ಬರೆ ಬೂಟಿನೊಳಗೆ ಇರುತ್ತದೆ, ಯಾರೂ ನೋಡುವುದಿಲ್ಲ. ಲೆಕ್ಕ ಇಷ್ಟೇ. ಇಷ್ಟು ಕೀಳಾದ ಲೆಕ್ಕವನ್ನು ಅವನು ತನ್ನ ಜನ್ಮದಲ್ಲಿ ಹಾಕಿರಲಿಲ್ಲ. ಲಕ್ಷ್ಮಣಪ್ಪ ಹೆಸರು ಕೇಳಿದಾಗ ಸುಳ್ಳು ಹೆಸರು ಹೇಳಿದ. ಕಬ್ಬಿಣ ಮುಟ್ಟಿದಾಗ ಬಾಯಿಂದ ಬಂದದ್ದು ಮಾತ್ರ ಸುಳ್ಳಲ್ಲ. "ಯವ್ವಾ" ಎಂದು ಕೂಗಿದ್ದ, ಕುರಿಗಳು ಬೆದರಿ ದೊಡ್ಡಿಯ ಮೂಲೆಗೆ ಒತ್ತಿಕೊಂಡಿದ್ದವು. "ಬರಿ ಒಣಗೋ ತನಕ ಬದನೆಕಾಯಿ ನಂಜು, ತಿನ್ನಬ್ಯಾಡ್ರಿ" ಎಂದು ಮುದುಕ ಬೇವಿನೆಣ್ಣೆ ಹಚ್ಚಿದ. ಮನೆಗೆ ಬಂದು ಅವನು ಬದನೆಕಾಯಿ ಬಿಟ್ಟ. ನಗು ಬರುವಂಥದ್ದು ಇದು: ವಿಜ್ಞಾನದ ಮೇಷ್ಟ್ರು ಬದನೆಕಾಯಿಗೆ ಹೆದರಿ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿನ್ನುತ್ತಿದ್ದ. "ಯಾಕ್ರಿ, ಎಣ್ಣಿಗಾಯಿ ಅಂದ್ರ ಜೀವ ಬಿಡ್ತಿದ್ರಿ?" ಎಂದು ಮಂಜುಳ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಗಂಟು ಇಳಿಯಲಿಲ್ಲ. ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಈಗ ಒಳಗೆ ಬಾವು, ಮೇಲೆ ಗಾಯ, ಅದರ ಮೇಲೆ ಬೂಟಿನ ಅಂಚು.

ಮಡಕಶಿರದಿಂದ ಹಿಡಿದ ಆಟೋ ಮನೆಯ ಮುಂದೆ ನಿಂತಾಗ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಚಂದ್ರಮೋಹನನ ಅಪ್ಪ ಬೊಮ್ಮಪ್ಪ ಹೊಸ ಟವೆಲು ಹೆಗಲ ಮೇಲೆ ಹಾಕಿ, ಇಸ್ತ್ರಿಯ ಗೆರೆ ಇನ್ನೂ ಮುರಿಯದ ಪಂಚೆಯಲ್ಲಿ ಕೈ ಮುಗಿದು ನಿಂತಿದ್ದ. ಹೊಸ ಟವೆಲಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಸಿದ್ದರಾಮೇಶನಿಗೆ ಅದನ್ನು ಕಂಡು ಒಂದು ಬಗೆಯ ನೆಮ್ಮದಿಯಾಯಿತು. ಅಸಡ್ಡೆಗೆ ಇಷ್ಟು ಸುಲಭವಾಗಿ ಸಿಗುವ ಜನ. ಬಾಗಿಲ ಪಕ್ಕ ಕಲ್ಲುಚಪ್ಪಡಿ, ಅದರ ಮೇಲೆ ನೀರು ತುಂಬಿದ ಹಿತ್ತಾಳೆಯ ಬಿಂದಿಗೆ, ಚೊಂಬು. ನೋಡಿದ ಕೂಡಲೇ ಅವನು ಬಲಗಾಲನ್ನು ಎಡಗಾಲಿನ ಹಿಂದಕ್ಕೆ ಸರಿಸಿದ. ಮರೆತುಬಿಟ್ಟಿದ್ದ. ಅಲ್ಲ, ಮರೆತಿರಲಿಲ್ಲ, ಇಷ್ಟು ವರ್ಷ ಶ್ರಮಪಟ್ಟು ಮರೆತಿದ್ದ. ಸಂಬಂಧದ ಮಾತಿಗೆ ಬಂದವರು ಬಾಗಿಲಲ್ಲಿ ಕಾಲಿಗೆ ನೀರು ಇಸಿದುಕೊಂಡು ತೊಳೆದು ಒಳಗೆ ಹೋಗಬೇಕು. ನೀರು ಮುಟ್ಟಿದರೆ ಬೀಗರು. ಮುಟ್ಟದೆ ನಿಂತರೆ ಸಂಬಂಧ ಬೇಡ ಎಂದು ಬಾಯಿ ಬಿಟ್ಟು ಹೇಳುವ ಅಗತ್ಯವೇ ಇಲ್ಲ. ಅವನ ಅವ್ವನ ಮನೆಯಲ್ಲೂ ಹೀಗೇ ಇತ್ತು.

ಮಂಜುಳ ಚಪ್ಪಲಿ ಕಳಚಿ, ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ತೊಳೆದುಕೊಂಡಳು. ಬೊಮ್ಮಪ್ಪ ಚೊಂಬು ಹಿಡಿದು ಅವನ ಕಡೆ ತಿರುಗಿದ.

"ಬನ್ನಿ ಬೀಗ್ರೆ, ಕಾಲಿಗೆ ನೀರು ತಗಳಿ."

"ಇರಲಿ ಬಿಡಿ. ಇಲ್ಲೇ ಹೊರಗೇ ಕೂತು ಮಾತಾಡೋಣ" ಎಂದ ಸಿದ್ದರಾಮೇಶ. ಪುಸ್ತಕದ ಕನ್ನಡ, ಕ್ಲಾಸಿನ ಗಂಟಲು.

ಬೊಮ್ಮಪ್ಪನ ಕೈಯಲ್ಲಿ ಚೊಂಬು ಹಾಗೇ ನಿಂತಿತು. ಜಗಲಿಯ ಮೇಲೆ ಕೂತಿದ್ದ ಅವನ ತಾಯಿ ಮೈಲಾರಮ್ಮ, ಪೊರೆ ಬಂದ ಕಣ್ಣು ಕಿರಿದು ಮಾಡಿ, "ಏನಂತಾರ್ಲಾ ಬೊಮ್ಮ? ನೀರು ಬ್ಯಾಡ ಅಂತಾರಾ?" ಎಂದು ಕೇಳಿದಳು. ಚಂದ್ರಮೋಹನ್ ಕುರ್ಚಿ ತರಲು ಹೋದವನು ಕುರ್ಚಿ ಹಿಡಿದುಕೊಂಡೇ ನಿಂತ. ಸಿದ್ದರಾಮೇಶನಿಗೆ ಗೊತ್ತಾಯಿತು, ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಹೇಗೂ ಬೇಡ ಎನ್ನಲು ಬಂದವನು. ಬೂಟು ಕಾಲಲ್ಲೇ ಉಳಿಯುತ್ತದೆ, ಮಾತೂ ಮುಗಿಯುತ್ತದೆ, ಕೆಟ್ಟ ಮಾತೊಂದನ್ನೂ ಆಡಿದಂತಾಗುವುದಿಲ್ಲ. ಒಂದು ಕ್ಷಣ ಅವನಿಗೆ ಗೆದ್ದಂತೆಯೇ ಅನ್ನಿಸಿತು. ಆಗ ಗಂಗೋತ್ರಿಯ ಮುಖ ನೋಡಿದ. ಅವಳ ತುಟಿ ಬೆಳ್ಳಗಾಗಿತ್ತು. ಸಣ್ಣವಳಿದ್ದಾಗ ಮೊದಲ ಸಲ ಶಾಲೆಯ ಬಾಗಿಲಲ್ಲಿ ಬಿಟ್ಟುಬರುವಾಗ ಹೀಗೇ ಆಗಿತ್ತು. ಅಳು ತಡೆದುಕೊಂಡು ಅವಳು ಸಟ್ಟನೆ ನಕ್ಕಳು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಅಪ್ಪಗ ಹಿಮ್ಮಡಿ ನೋವೈತ್ರಿ. ಬಗ್ಗಾಕ ಆಗಂಗಿಲ್ಲ, ಅದಕ್ಕ ಬ್ಯಾಡ ಅಂದ್ರು. ನಾ ಬಿಚ್ತೀನಿ ಇರ್ರಿ."

"ಬ್ಯಾಡ ಗಂಗಾ" ಎಂದ. ಅವಳು ಆಗಲೇ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಮಣ್ಣಿನಲ್ಲಿ ಮೊಣಕಾಲೂರಿ, ಲೇಸು ಬಿಚ್ಚುತ್ತಿದ್ದಳು. "ಬ್ಯಾಡ ಅಂದೆ" ಎಂದು ಕಾಲು ಎಳೆದುಕೊಳ್ಳಲು ನೋಡಿದ, ನೋವಿಗೆ ಎಳೆಯಲಾಗಲಿಲ್ಲ. ಅವಳು ಮೇಲೆ ನೋಡಿ, ತುಟಿ ಅಲುಗದಂತೆ, "ಅಪ್ಪ, ಕೈ ಮುಗಿತೀನಿ. ನೀರಷ್ಟು ಮುಟ್ಟು. ಆಮ್ಯಾಲ ಬಸ್ಸಿನಾಗ ನಂಗೇನು ಬೇಕಾದ್ರೂ ಅನ್ನು" ಎಂದಳು. ಬೂಟು ಬಂತು. ಅವಳು ಕತ್ತರಿಸಿಟ್ಟಿದ್ದ ಬಟ್ಟೆಯ ಅಟ್ಟೆ ಒಳಗಿರಲಿಲ್ಲ. ಅವಳು ಅದನ್ನು ಗಮನಿಸಿದಳು. ಕಾಲುಚೀಲ ಹಿಂದೆ ಅಂಟಿಕೊಂಡಿತ್ತು. ಹಳದಿ ಕಲೆಯನ್ನು ಬೆರಳಿಂದ ಮುಟ್ಟಿ ನೋಡಿ, ಬೊಮ್ಮಪ್ಪನ ಕೈಯಿಂದ ಚೊಂಬು ಇಸಿದುಕೊಂಡು, ಮೆಲ್ಲಗೆ ನೀರು ಬಿಟ್ಟು ನೆನೆಸಿ, ಗಾಯ ಕೀಳದ ಹಾಗೆ ಬಿಡಿಸಿದಳು. ಒಳ್ಳೆಯ ಕೈ ಅವಳದು. ಆಮೇಲೆ ಕೈ ನಿಂತಿತು. ಮೂರು ಕಪ್ಪು ಗೆರೆ, ಅಂಚಿನಲ್ಲಿ ಕೀವು.

ಅವಳು ಗೆರೆಗಳನ್ನು ನೋಡುತ್ತಿದ್ದಷ್ಟು ಹೊತ್ತು ಸಿದ್ದರಾಮೇಶ ಹಿಪ್ಪುನೇರಳೆಯ ತೋಟ ನೋಡಿದ. ಎದುರಿಗೆ ಕುರಿಯೊಂದು ಬೇಲಿಗೆ ಬೆನ್ನು ಉಜ್ಜಿಕೊಳ್ಳುತ್ತಿತ್ತು.

ಮೈಲಾರಮ್ಮ ಕೋಲೂರಿ ಇಳಿದು ಬಂದು, ಮೂಗು ತಾಗುವಷ್ಟು ಬಗ್ಗಿ ಹಿಮ್ಮಡಿ ನೋಡಿದಳು. ಮುಖ ಅರಳಿಹೋಯಿತು. "ಅಯ್ಯೋ ನನ್ನಪ್ಪನೇ, ಬರೆ ಹಾಕ್ಸವ್ರೆ! ಇದನ್ನ ಯೋಳಕ್ಕೆ ಇಷ್ಟು ನಾಚ್ಕೆನಾ? ಬೊಮ್ಮಾ, ಇವರು ನಮ್ಮೋರೇ ಕಣ್ಲಾ! ಮೇಷ್ಟ್ರಂತೆ, ಬೂಟಂತೆ, ನಮ್ಮಂಥೋರ ಮನೆಗೆ ಒಪ್ತಾರೋ ಇಲ್ವೋ ಅಂತ ನಾನು ಎದರ್ಕಂಡು ಸತ್ತಿದ್ದೆ." ಆಮೇಲೆ ಇನ್ನೊಮ್ಮೆ ನೋಡಿ, "ಎಲ್ಡು ನೆಟ್ಟಗವೆ, ಮೂರ್ನೇದು ಸೊಟ್ಟ ಬಿದ್ದೈತೆ. ಕೂಗಿ ಕಾಲು ಎಳಕಂಡ್ರೇನಪ್ಪಾ?" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಬೊಮ್ಮಪ್ಪನೂ ನಕ್ಕ, ಗೆಳೆಯನ ಹಾಗೆ. ಸಿದ್ದರಾಮೇಶನ ಜನ್ಮದಲ್ಲಿ ಯಾರೂ ಅವನನ್ನು ಇಷ್ಟು ಬೇಗ ತಮ್ಮವನನ್ನಾಗಿ ಮಾಡಿಕೊಂಡಿರಲಿಲ್ಲ, ಅವನಿಗೆ ಇಷ್ಟು ಅವಮಾನವೂ ಆಗಿರಲಿಲ್ಲ. ಚಂದ್ರಮೋಹನ್ ಮಾತ್ರ ನಗಲಿಲ್ಲ. ಮಣಿಕಟ್ಟಿನ ಮೇಲೆ ಎಳೆದು ಹಿಡಿದಿದ್ದ ಅಂಗಿಯ ತೋಳನ್ನು ಅವನು ಬಿಟ್ಟ.

"ಯಾವಾಗ ಹಾಕಿಸ್ಕೊಂಡಿ?" ಎಂದಳು ಗಂಗೋತ್ರಿ. "ದಿನಾ ಐಸ್ ಇಟ್ಟೀನಿ ಅಂತಿದ್ದಿ."

ಅಷ್ಟೇ. ಗಾಯ ತೊಳೆದಳು, ಚೀಲದಿಂದ ಹತ್ತಿ ಬಟ್ಟೆ ತೆಗೆದು ಒರೆಸಿದಳು, ಸಡಿಲವಾಗಿ ಪಟ್ಟಿ ಕಟ್ಟಿದಳು. ಆಸ್ಪತ್ರೆಯಲ್ಲಿ ಯಾರದೋ ಕಾಲಿಗೆ ಕಟ್ಟುವಾಗ ಹೀಗೇ ಕಟ್ಟುತ್ತಾಳೆಂದು ಅವನಿಗೆ ಅನ್ನಿಸಿತು. ಎದ್ದು ನಿಂತಾಗ ಅವಳ ತುಟಿಯ ಎಡಗಡೆ ಸ್ವಲ್ಪ ಮೇಲೆ ಸರಿದಿತ್ತು. ಆ ನಗುವನ್ನು ಅವನು ಬಲ್ಲ. ಕಂಡಕ್ಟರ್‌ನ ಮೇಲೆ, ಡಾಕ್ಟರ್‌ನ ಮೇಲೆ, ಬೊಮ್ಮಪ್ಪನ ಟವೆಲಿನ ಮೇಲೆ ಅವನು ತುಟಿಯಂಚಿನಲ್ಲಿ ಬೀರಿದ್ದು ಇದೇ ನಗು. ಇದೊಂದನ್ನು ಮಗಳಿಗೆ ಕಲಿಸಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.

ಊಟಕ್ಕೆ ರಾಗಿಮುದ್ದೆ, ಬದನೆಕಾಯಿ ಗೊಜ್ಜು. ಬಡಿಸಲು ಬಂದ ಬೊಮ್ಮಪ್ಪನ ಕೈಯನ್ನು ಮೈಲಾರಮ್ಮ ಗಪ್ಪನೆ ಹಿಡಿದಳು. "ಬ್ಯಾಡ ಕಣ್ಲಾ, ನಂಜು. ಬೀಗರಿಗೆ ಬರೆ ಐತೆ." ಎಲೆಯ ತುದಿಗೆ ಬಿದ್ದಿದ್ದ ಒಂದು ಹೋಳನ್ನೂ ತಾನೇ ಬೆರಳಿಂದ ತೆಗೆದಳು. ಮಂಜುಳ ಅವನ ಕಡೆ ತಿರುಗಿ, ನೋಡಿ, ಎಲ್ಲ ಅರ್ಥವಾದವಳಂತೆ ತಲೆ ತಗ್ಗಿಸಿದಳು. ಅವಳ ಭುಜ ಅಲುಗುತ್ತಿತ್ತು. "ಪುರಾಣ ಹೇಳಾಕ, ಬದನೆಕಾಯಿ ತಿನ್ನಾಕ ಅಂತಾರವ್ವ" ಎಂದಳು ಕೊನೆಗೆ, ಮೈಲಾರಮ್ಮನಿಗೆ. "ನಮ್ಮ ಮನಿಯೋರು ಬದನೆಕಾಯಿನೂ ತಿನ್ನಲಿಲ್ಲ ನೋಡ್ರಿ." ಎಲ್ಲರೂ ನಕ್ಕರು. ಅವನೂ ನಕ್ಕ, ನಗದಿದ್ದರೆ ಇನ್ನೂ ಕೆಡುತ್ತಿತ್ತು. ಬೇಡ ಎನ್ನಲು ಅವನ ಬಳಿ ಏನೂ ಉಳಿದಿರಲಿಲ್ಲ. ಜೋಡಿಸಿಟ್ಟಿದ್ದ ಮಾತಿನ ಒಂದೊಂದು ಪದವೂ ಈಗ ತನ್ನ ಕಾಲಿಗೇ ಸುತ್ತಿಕೊಳ್ಳುತ್ತಿತ್ತು. "ಏನಂತೀರ ಬೀಗ್ರೆ?" ಎಂದು ಬೊಮ್ಮಪ್ಪ ಎಲೆ ಅಡಿಕೆ ಮುಂದಿಟ್ಟಾಗ ಅವನು ಎಲೆ ತೆಗೆದುಕೊಂಡ. ಗಂಗೋತ್ರಿ ಅದನ್ನು ಕಂಡಳು. ಸಂತೋಷಪಟ್ಟಳೋ ಏನೋ, ಅವನ ಕಡೆಗಂತೂ ನೋಡಲಿಲ್ಲ.

ಹೊರಡುವಾಗ ಪಟ್ಟಿ ಕಟ್ಟಿದ ಕಾಲು ಬೂಟಿಗೆ ಹೋಗಲಿಲ್ಲ. ಅವನು ಹಿಂಬದಿಯನ್ನು ತುಳಿದು ತೂರಿಸಲು ನೋಡಿದ, ಆ ಕಲ್ಲಿನಂಥ ಚರ್ಮ ಬಗ್ಗಲಿಲ್ಲ. ಬೊಮ್ಮಪ್ಪ ತನ್ನ ಚಪ್ಪಲಿ ತಂದು ಮುಂದೆ ಬಿಟ್ಟ, ಅಗಲವಾದ, ಹಿಂದೆ ಪಟ್ಟಿಯಿಲ್ಲದ, ಸವೆದು ಮೆತ್ತಗಾದ ತೊಗಲಿನ ಚಪ್ಪಲಿ. "ಹಾಕ್ಕಳಿ, ಮುಂದ್ಲ ಸಲ ಬರೋವಾಗ ತಂದ್ರಾಯ್ತು." ನಂತರ ಬೂಟನ್ನು ಧೂಳು ಒರೆಸಿ ಚೀಲಕ್ಕೆ ಹಾಕಲು ಎತ್ತಿಕೊಂಡ.

"ಮಾವಾ" ಎಂದಳು ಗಂಗೋತ್ರಿ. ಎಲ್ಲರೂ ತಿರುಗಿದರು. "ಆ ಬೂಟು ಇಲ್ಲೇ ಇರ್ಲಿ ಬಿಡ್ರಿ."

ಆಟೋ ರಸ್ತೆಯ ತುದಿಯಲ್ಲಿ ನಿಂತಿತ್ತು. ಸಿದ್ದರಾಮೇಶ ಇನ್ನೊಬ್ಬನ ಬೆವರಿನ ಕಲೆಯಿರುವ ಚಪ್ಪಲಿಯಲ್ಲಿ ಕಾಲಿಟ್ಟು, ಹೆಜ್ಜೆ ಹಾಕಿದ. ಪಟಪಟ ಸದ್ದು. ಹಿಮ್ಮಡಿಗೆ ಗಾಳಿ ಬಿಟ್ಟು ಇನ್ನೇನೂ ತಾಗಲಿಲ್ಲ. ಇನ್ನೊಂದು ಹೆಜ್ಜೆ ಹಾಕಿದ. ಗಾಯ ಚುರುಗುಟ್ಟುತ್ತಿತ್ತು, ಆದರೆ ಶಾಲೆ ಶುರುವಾದಾಗಿನಿಂದ ಇದ್ದ ಆ ಒತ್ತು ಇರಲಿಲ್ಲ. ಇಷ್ಟೇನಾ? ಇಷ್ಟಕ್ಕೇನಾ? ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಮುಂದೆ ಗಂಗೋತ್ರಿ ಚಂದ್ರಮೋಹನನ ಜೊತೆ ಮಾತಾಡುತ್ತ ಹೋಗುತ್ತಿದ್ದಳು. ನೋಡು, ನೆಟ್ಟಗೆ ನಡೀತಿದೀನಿ, ನೀ ಹೇಳಿದ್ದೇ ಸರಿ ಎಂದು ಕೂಗಿ ಹೇಳಬೇಕೆನ್ನಿಸಿತು. ಬೆಳಿಗ್ಗೆಯಿಂದ ಹತ್ತು ಸಲ ಹಿಂತಿರುಗಿ ಅವನ ಕಾಲು ನೋಡಿದ್ದವಳು ಈಗ ಒಮ್ಮೆಯೂ ತಿರುಗಿರಲಿಲ್ಲ. ಅವನು ಚಪ್ಪಲಿಯನ್ನು ಎಳೆದು, ಸದ್ದು ಮಾಡುತ್ತ, ಬೇಕೆಂದೇ ಕುಂಟಿದ. ಇನ್ನೊಮ್ಮೆ, ಇನ್ನೂ ಜೋರಾಗಿ ಕುಂಟಿದ.

ಗಂಗೋತ್ರಿ ಆಟೋ ಹತ್ತಿ ಕೂತು, ಅಮ್ಮನ ಕೈಯಿಂದ ಬುಟ್ಟಿ ಇಸಿದುಕೊಂಡಳು.